ಟರ್ಬೊ ಸತ್ತಿಲ್ಲ, ಉಸಿರು ಸೋರುತ್ತಿದೆ

ಹೋದ ಚಳಿಗಾಲದಲ್ಲಿ ಚಾಳೀಸಗಾಂವದಲ್ಲಿ ಒಂದು ಮದುವೆ ಮುಗಿಸಿಕೊಂಡು, ನಾನು ಮತ್ತು ನನ್ನಾಕೆ ಛತ್ರಪತಿ ಸಂಭಾಜಿನಗರದಲ್ಲಿರುವ ಮಗಳ ಮನೆಗೆ ಹೊರಟಿದ್ದೆವು. 2023ರ ತನಕ ಔರಂಗಾಬಾದ್ ಎನ್ನುತ್ತಿದ್ದ ಊರು. ನಮ್ಮ ಬಿಜಾಪುರ 2014ರಲ್ಲಿ ವಿಜಯಪುರ ಆಯಿತಲ್ಲ, ಹಾಗೇ ಇದೂ ಹೆಸರು ಬದಲಿಸಿಕೊಂಡಿತು. ನನ್ನ ನಾಲಿಗೆ ಮಾತ್ರ ಎರಡೂ ಊರಿನ ವಿಷಯದಲ್ಲಿ ಇನ್ನೂ ಹಳೆಯ ಹೆಸರನ್ನೇ ಹುಡುಕುತ್ತದೆ.

ಚಾಳೀಸಗಾಂವ ಬಿಟ್ಟ ಮೇಲೆ ಔಟ್ರಮ್ ಘಾಟ್ ಏರಬೇಕು. ಏರಿ ಮೇಲೆ ಬಂದರೆ ಸಿಗುವ ತಾಲ್ಲೂಕು ಕೇಂದ್ರದ ಹೆಸರು ಏನು ಗೊತ್ತೇ? ಕನ್ನಡ! ಮರಾಠಿಯವರು ‘ಕನ್ನಡ್’ ಅನ್ನುತ್ತಾರೆ. ಮೈಲಿಗಲ್ಲಿನ ಮೇಲೆ ನಮ್ಮ ಭಾಷೆಯ ಹೆಸರು ಕಂಡಾಗಲೆಲ್ಲ ನಾನು ಗಾಡಿಯ ವೇಗ ಸ್ವಲ್ಪ ಇಳಿಸುತ್ತೇನೆ. ಈ ರಸ್ತೆಯೂ ನಮ್ಮದೇ ಅನ್ನಿ. ಈಗಿನ ರಾಷ್ಟ್ರೀಯ ಹೆದ್ದಾರಿ 52 ಪಂಜಾಬಿನ ಸಂಗರೂರಿನಿಂದ ಹೊರಟು, ಈ ಘಾಟ್ ಏರಿ, ಸಂಭಾಜಿನಗರ, ಬೀಡ್, ಸೊಲ್ಲಾಪುರ, ವಿಜಯಪುರ, ಹುಬ್ಬಳ್ಳಿ ಹಾದು, ಅರಬೈಲ್ ಘಟ್ಟ ಇಳಿದು ಅಂಕೋಲೆಯಲ್ಲಿ ಮುಗಿಯುತ್ತದೆ. ಹಿಡಿದ ದಾರಿ ಬಿಡದೆ ಹೋದರೆ ಸೀದಾ ನಮ್ಮ ಊರು.

ಆದರೆ ಅವತ್ತು ಘಾಟಿನ ಅರ್ಧಕ್ಕೇ ನಮ್ಮ ಹಳೆಯ ಡೀಸೆಲ್ ಜೀಪು ಕೈಕೊಟ್ಟಿತು. ನಿಂತುಹೋಗಲಿಲ್ಲ, ಎಳೆಯುವುದನ್ನು ಬಿಟ್ಟಿತು. ಮೊದಲೆಲ್ಲ ಮೂರನೇ ಗೇರಿನಲ್ಲಿ ಏರುತ್ತಿದ್ದ ತಿರುವಿನಲ್ಲಿ ಎರಡಕ್ಕೆ ಇಳಿಸಿದೆ. ಎಕ್ಸಲೇಟರ್ ಪೂರ್ತಿ ಒತ್ತಿದರೂ ಹಿಂದೆ ಕರಿ ಹೊಗೆ ಬರುತ್ತಿತ್ತೇ ವಿನಾ ಪಿಕಪ್ ಇಲ್ಲ. ಸುಮಾರು ಎರಡು ಸಾವಿರ ಸುತ್ತು ದಾಟಿದಾಗ ಬೆನ್ನಿಗೆ ಸಿಗುತ್ತಿದ್ದ ಆ ಒಂದು ನೂಕು, ಹದಿನೇಳು ಹದಿನೆಂಟು ವರ್ಷದಿಂದ ಪರಿಚಯವಿದ್ದ ನೂಕು, ಮಾಯವಾಗಿತ್ತು. “ನಮ್ಮ ಹಾಗೇ ಇದಕ್ಕೂ ವಯಸ್ಸಾತು ಬಿಡ್ರಿ” ಅಂದಳು ನನ್ನಾಕೆ.

ಹೇಗೋ ಊರು ಮುಟ್ಟಿ, ಮರುದಿನ ಅಳಿಯಂದಿರು ಹೇಳಿದ ಒಂದು ದೊಡ್ಡ ವರ್ಕ್‌ಶಾಪಿಗೆ ಒಯ್ದೆ. ಅಲ್ಲಿನ ಹುಡುಗ ಬಾನೆಟ್ ಎತ್ತಿ, ಒಂದು ಪೈಪ್ ಬಿಚ್ಚಿ, ಟರ್ಬೊದ ಚಕ್ರವನ್ನು ಬೆರಳಲ್ಲಿ ಅಲ್ಲಾಡಿಸಿ ನೋಡಿದ. “ಪ್ಲೇ ಇದೆ ಸರ್, ಟರ್ಬೊ ಗಯಾ” ಅಂದ. ಹೊಸದಕ್ಕೆ ಮಜೂರಿ ಸೇರಿ ಮೂವತ್ತೆಂಟು ಸಾವಿರ. ಅಳಿಯಂದಿರು ಮೆತ್ತಗೆ ಹೇಳಿದರು, “ಮಾವಾ, ಈ ಗಾಡಿಗೆ ಅಷ್ಟು ಹಾಕೋದು ಬೇಡ. ಹೆಂಗೂ ಆರ್‌ಸಿ ಮತ್ತೆ ನವೀಕರಿಸಬೇಕು. ಹೊಗೆ ಪರೀಕ್ಷೆಯಲ್ಲಿ ಫೇಲ್ ಆದರೆ ಆ ದುಡ್ಡೂ ಹೋಗತ್ತೆ. ಗುಜರಿಗೆ ಕೊಟ್ಟುಬಿಡಿ.”

ಅವರು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಸ್ವಂತ ಬಳಕೆಯ ಗಾಡಿಗೆ ಹದಿನೈದು ವರ್ಷ ಆದ ಮೇಲೆ ಪ್ರತಿ ಐದು ವರ್ಷಕ್ಕೊಮ್ಮೆ ಫಿಟ್ನೆಸ್ ತೋರಿಸಿ ನೋಂದಣಿ ನವೀಕರಿಸಬೇಕು. ಆದರೂ ಮನಸ್ಸು ಒಪ್ಪಲಿಲ್ಲ. ಈ ಗಾಡಿಯಲ್ಲೇ ಅವ್ವನನ್ನು ಕೊನೆಯ ಸಲ ಊರಿಗೆ ಕರೆದುಕೊಂಡು ಹೋಗಿದ್ದೆ. ಇನ್ನೊಂದು ಕಾರಣವೂ ಇತ್ತು. ನಾಸಿಕಿನ ಸಾತಪುರದ ಕಾರ್ಖಾನೆಯೊಂದರಲ್ಲಿ ಮೂವತ್ತು ವರ್ಷ ಕೆಲಸ ಮಾಡಿದ ನನಗೆ, ಒಂದು ಬೆರಳು ಅಲ್ಲಾಡಿಸಿ ಮರಣಪತ್ರ ಬರೆಯುವುದು ಸರಿ ಕಾಣಲಿಲ್ಲ.

ಕೊನೆಗೆ ಪಕ್ಕದ ಮನೆಯವರು ಚಿಕಲಠಾಣಾ ಕಡೆಯ ಒಬ್ಬ ಮುದುಕ ಮಿಸ್ತ್ರಿಯ ಹೆಸರು ಹೇಳಿದರು. ಎಲ್ಲರೂ ಕರೆಯುವುದು ಉಸ್ತಾದ್ ಅಂತಲೇ. ಮೂಲ ಭಾಲ್ಕಿ ಕಡೆಯವರು, ಇಲ್ಲಿಗೆ ಬಂದು ನಲವತ್ತು ವರ್ಷ ದಾಟಿದೆ. ಆಶ್ಚರ್ಯವೇನಿಲ್ಲ. 1956ರ ತನಕ ಬೀದರ್ ಮತ್ತು ಔರಂಗಾಬಾದ್ ಎರಡೂ ಹೈದರಾಬಾದ್ ರಾಜ್ಯದ ಜಿಲ್ಲೆಗಳೇ. ಗಡಿ ಆಮೇಲೆ ಬಂತು, ಓಡಾಟ ಮೊದಲಿನಿಂದ ಇತ್ತು. ನಾನು ಕನ್ನಡದಲ್ಲಿ ಮಾತು ತೆಗೆದದ್ದೇ ತಡ, ಅವರ ಮುಖ ಅರಳಿತು. ಎಂಜಿನ್ ಚಾಲೂ ಮಾಡಿಸಿ, ಕಣ್ಣು ಮುಚ್ಚಿ ಎರಡು ನಿಮಿಷ ಕೇಳಿದರು. ಆಮೇಲೆ ಅಂದದ್ದು ಒಂದೇ ಮಾತು: “ಟರ್ಬೊ ಸತ್ತಿಲ್ರಿ ಸಾಹೇಬ್ರ. ಅದರ ಉಸುರು ಎಲ್ಲೋ ಸೋರಲತ್ತದ.”

ಅವತ್ತು ಅವರ ಗ್ಯಾರೇಜಿನ ಮುರುಕು ಕುರ್ಚಿಯ ಮೇಲೆ ಇಡೀ ದಿನ ಕೂತು ನೋಡಿದ್ದೇ ಈ ಬರಹಕ್ಕೆ ಕಾರಣ. ಅವರು ಒಂದೊಂದೇ ಕಡೆ ಹುಡುಕುತ್ತಾ ಹೋದಂತೆ, ನಾನು ಎಂದೋ ಓದಿದ್ದ ಟರ್ಬೊದ ಚರಿತ್ರೆ ನೆನಪಾಗುತ್ತಾ ಹೋಯಿತು. ಅವರು ಹುಡುಕಿದ ಒಂದೊಂದು ತಪ್ಪನ್ನೂ ನೂರು ವರ್ಷದಲ್ಲಿ ಯಾರೋ ಒಬ್ಬರು ಎಲ್ಲೋ ಒಂದು ಕಡೆ ಮಾಡಿ ಕಲಿತಿದ್ದಾರೆ.

ಟರ್ಬೊ ಅಂದರೇನು ಅಂತ ಮೊದಲು ಎರಡು ಮಾತು. ಡೀಸೆಲ್ ಎಂಜಿನ್ನಿನಲ್ಲಿ ಎಣ್ಣೆ ಉರಿಯಲು ಗಾಳಿ ಬೇಕು. ಹೆಚ್ಚು ಶಕ್ತಿ ಬೇಕಾದರೆ ಹೆಚ್ಚು ಎಣ್ಣೆ, ಹೆಚ್ಚು ಎಣ್ಣೆಗೆ ಹೆಚ್ಚು ಗಾಳಿ. ಪಿಸ್ಟನ್ ತಾನಾಗಿ ಎಳೆದುಕೊಳ್ಳುವ ಗಾಳಿಗೆ ಒಂದು ಮಿತಿ ಇದೆ. ಇತ್ತ ಸೈಲೆನ್ಸರಿನ ಕಡೆ ಬಿಸಿ ಹೊಗೆ ಸುಮ್ಮನೆ ಹೋಗುತ್ತಿರುತ್ತದೆ. ಆ ಹೊಗೆಯ ದಾರಿಗೆ ಒಂದು ಚಕ್ರ ಇಟ್ಟು, ಅದೇ ಸರಳಿನ ಇನ್ನೊಂದು ತುದಿಗೆ ಗಾಳಿ ನೂಕುವ ಚಕ್ರ ಕೂಡಿಸಿದರೆ, ಹೊಗೆ ತಿರುಗಿಸಿದ ಚಕ್ರ ಎಂಜಿನ್ನಿಗೆ ಗಾಳಿ ತುಂಬುತ್ತದೆ. ಇಷ್ಟೇ ಟರ್ಬೊ. ಸಣ್ಣ ಗಾಡಿಗಳ ಟರ್ಬೊ ನಿಮಿಷಕ್ಕೆ ಒಂದು ಲಕ್ಷ ಸುತ್ತಿಗೂ ಹೆಚ್ಚು ತಿರುಗುತ್ತದೆ. ಆ ಸರಳು ತೇಲುವುದು ಎಂಜಿನ್ ಆಯಿಲಿನ ತೆಳು ಪದರದ ಮೇಲೆ. ಅದು ಹೀಗೆ ನೂಕಿದ ಹೆಚ್ಚುವರಿ ಒತ್ತಡಕ್ಕೇ ಬೂಸ್ಟ್ ಅನ್ನುವುದು. ನಮ್ಮ ಮಿಸ್ತ್ರಿಗಳ ಭಾಷೆಯಲ್ಲಿ ‘ಹವಾ’.

ಈ ಯೋಚನೆಗೆ ಪೇಟೆಂಟ್ ಪಡೆದವನು ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಆಲ್ಫ್ರೆಡ್ ಬೂಖಿ, 1905ರಲ್ಲಿ. ಪೇಟೆಂಟ್ ಸಿಕ್ಕಿತು, ಆದರೆ ಯಂತ್ರ ಓಡಲಿಲ್ಲ. ಅಷ್ಟು ಬಿಸಿ, ಅಷ್ಟು ವೇಗ ತಡೆಯುವ ಲೋಹವೇ ಆಗ ಇರಲಿಲ್ಲ. ಅವನು ಗೆದ್ದದ್ದು ಸುಮಾರು ಇಪ್ಪತ್ತು ವರ್ಷ ಒದ್ದಾಡಿದ ಮೇಲೆ, 1920ರ ದಶಕದ ನಡುವೆ. ‘ಪ್ರಾಯ್ಸೆನ್’ ಮತ್ತು ‘ಹಾನ್ಸೆಸ್ಟಾಟ್ ಡಾನ್ಸಿಗ್’ ಎಂಬ ಎರಡು ಜರ್ಮನ್ ಹಡಗುಗಳ ಹತ್ತು ಸಿಲಿಂಡರಿನ ಡೀಸೆಲ್ ಎಂಜಿನ್ನುಗಳ ಶಕ್ತಿ 1750 ಅಶ್ವಶಕ್ತಿಯಿಂದ 2500ಕ್ಕೆ ಏರಿತು. ಎಂಜಿನ್ ದೊಡ್ಡದಾಗಲಿಲ್ಲ, ಉಸಿರು ದೊಡ್ಡದಾಯಿತು.

ಅದಕ್ಕೂ ಮೊದಲು ಅಮೆರಿಕದಲ್ಲಿ ಇನ್ನೊಂದು ಪ್ರಯೋಗ ನಡೆದಿತ್ತು. ವಿಮಾನ ಎತ್ತರಕ್ಕೆ ಹೋದಂತೆ ಗಾಳಿ ತೆಳುವಾಗಿ ಎಂಜಿನ್ ಸೋಲುತ್ತಿತ್ತು. 1918ರಲ್ಲಿ ಜನರಲ್ ಎಲೆಕ್ಟ್ರಿಕ್ ಕಂಪನಿಯ ಸ್ಯಾನ್‌ಫರ್ಡ್ ಮಾಸ್ ಒಂದು ಲಿಬರ್ಟಿ ವಿಮಾನ ಎಂಜಿನ್ನನ್ನು ಕೊಲರಾಡೊದ ಪೈಕ್ಸ್ ಶಿಖರಕ್ಕೆ, ಹದಿನಾಲ್ಕು ಸಾವಿರ ಅಡಿ ಮೇಲಕ್ಕೆ, ಲಾರಿಯಲ್ಲಿ ಸಾಗಿಸಿ ಪರೀಕ್ಷೆ ಮಾಡಿದ. ಟರ್ಬೊ ಹಾಕಿದಾಗ ಸಮುದ್ರಮಟ್ಟದಲ್ಲಿ ಕೊಡುತ್ತಿದ್ದ ಶಕ್ತಿಯನ್ನೇ ಶಿಖರದ ಮೇಲೂ ಕೊಟ್ಟಿತು. ನಾಸಿಕ್, ಸಂಭಾಜಿನಗರ ಎರಡೂ ಸುಮಾರು ಆರು ನೂರು ಮೀಟರ್ ಎತ್ತರದಲ್ಲಿವೆ. ಮುಂಬೈಗಿಂತ ಇಲ್ಲಿ ಗಾಳಿ ಶೇಕಡಾ ಆರೇಳರಷ್ಟು ತೆಳು. ಟರ್ಬೊ ಸರಿ ಇದ್ದರೆ ಅದು ಗೊತ್ತೇ ಆಗುವುದಿಲ್ಲ, ಕೆಟ್ಟಾಗ ಘಾಟಿನಲ್ಲಿ ಗೊತ್ತಾಗುತ್ತದೆ.

ಈಗ ಉಸ್ತಾದರ ಗ್ಯಾರೇಜಿಗೆ ಬರೋಣ. ಅವರು ಮೊದಲು ಮಾಡಿದ್ದು ಅಳತೆ. ಎಂಜಿನ್ನಿಗೆ ಗಾಳಿ ಹೋಗುವ ಕಡೆ ಉದ್ದನೆಯ ರಬ್ಬರ್ ನಳಿಕೆಯಿಂದ ಒಂದು ಹಳೆಯ ಪ್ರೆಷರ್ ಮೀಟರ್ ಜೋಡಿಸಿ, ಮೀಟರನ್ನು ನನ್ನ ಕೈಗೆ ಕೊಟ್ಟರು. ಬೈಪಾಸಿನ ಏರಿನಲ್ಲಿ ಮೂರನೇ ಗೇರು, ಪೂರ್ತಿ ಎಕ್ಸಲೇಟರ್. ಮುಳ್ಳು 0.4 ಕೇಜಿಗೆ ನಿಂತಿತು. “ಇದಕ್ಕ ಮುಕ್ಕಾಲು ಕೇಜಿ ಮ್ಯಾಲ ಬರಬೇಕ್ರಿ” ಅಂದರು. ಎಷ್ಟು ಕಮ್ಮಿ ಅಂತ ಗೊತ್ತಿಲ್ಲದೆ ಯಾಕೆ ಕಮ್ಮಿ ಅಂತ ಹುಡುಕಬಾರದು ಅನ್ನುವುದು ಅವರ ನಿಯಮ. ಆ ದೊಡ್ಡ ವರ್ಕ್‌ಶಾಪಿನಲ್ಲಿ ಯಾರೂ ಇದನ್ನು ಅಳೆದೇ ಇರಲಿಲ್ಲ.

ಎರಡನೆಯದು ಗಾಳಿ ಒಳಗೆ ಬರುವ ಬಾಯಿ. ಏರ್ ಫಿಲ್ಟರ್ ತೆಗೆದು ಬಿಸಿಲಿಗೆ ಹಿಡಿದು ನೋಡಿದರು, ಅದು ಪರವಾಗಿಲ್ಲ. ಫಿಲ್ಟರ್ ಡಬ್ಬಿಗೆ ಮುಂದಿನಿಂದ ಬರುವ ಕೊಳವೆಗೆ ಕೈ ಹಾಕಿದರು. ಹಿಡಿ ತುಂಬ ಈರುಳ್ಳಿ ಸಿಪ್ಪೆ ಹೊರಗೆ ಬಂತು! ಮತ್ತೊಂದು ಹಿಡಿ, ಮತ್ತೂ ಒಂದು ಹಿಡಿ. ನನಗೆ ಆಗ ಹೊಳೆಯಿತು. ಮದುವೆಗೆ ಮೊದಲು ಲಾಸಲಗಾಂವದಲ್ಲಿ ಸ್ನೇಹಿತರೊಬ್ಬರ ಈರುಳ್ಳಿ ಗೋದಾಮಿನ ಪಕ್ಕ ಗಾಡಿಯನ್ನು ವಾರಗಟ್ಟಲೆ ನಿಲ್ಲಿಸಿದ್ದೆ. ಗಾಳಿಗೆ ಹಾರಾಡುವ ಸಿಪ್ಪೆಯೆಲ್ಲ ಆ ಬಾಯಿಯೊಳಗೆ ಸೇರಿ ಕೂತಿತ್ತು. ಲಾಸಲಗಾಂವದ ಈರುಳ್ಳಿ ದೇಶದ ಸರ್ಕಾರಗಳನ್ನು ಅಲ್ಲಾಡಿಸಿದ್ದು ಗೊತ್ತಿತ್ತು, ನನ್ನ ಎಂಜಿನ್ನನ್ನೂ ಅಲ್ಲಾಡಿಸುತ್ತದೆ ಅಂತ ಗೊತ್ತಿರಲಿಲ್ಲ.

ನಗು ಬಂದರೂ, ಜೊತೆಗೇ 1952ರ ಇಂಡಿಯಾನಾಪೊಲಿಸ್ ನೆನಪಾಯಿತು. ಆ ವರ್ಷದ 500 ಮೈಲಿ ರೇಸಿಗೆ ಕಮಿನ್ಸ್ ಕಂಪನಿ ಟರ್ಬೊ ಹಾಕಿದ ಒಂದು ಡೀಸೆಲ್ ಕಾರು ತಂದಿತ್ತು. ಡೀಸೆಲ್ ಅಂದರೆ ಲಾರಿ, ಹಡಗು ಅನ್ನುತ್ತಿದ್ದ ಕಾಲ. ಫ್ರೆಡ್ ಅಗಬಾಷಿಯನ್ ಅದನ್ನು ಗಂಟೆಗೆ 138 ಮೈಲಿಯ ಸರಾಸರಿಯಲ್ಲಿ ಓಡಿಸಿ, ಪೆಟ್ರೋಲ್ ಕಾರುಗಳನ್ನೆಲ್ಲ ಹಿಂದೆ ಹಾಕಿ ಸಾಲಿನ ಮೊದಲ ಜಾಗ ಹಿಡಿದ. ಆದರೆ ರೇಸಿನ ದಿನ 200 ಸುತ್ತುಗಳಲ್ಲಿ 71ಕ್ಕೇ ಕಾರು ಹೊರಬಿತ್ತು. ಎಂಜಿನ್ ಒಡೆಯಲಿಲ್ಲ, ಟರ್ಬೊ ಮುರಿಯಲಿಲ್ಲ. ಟರ್ಬೊಗೆ ಗಾಳಿ ಬರುವ ಬಾಯಿ ಕಾರಿನ ಮೂತಿಯಲ್ಲಿ, ನೆಲಕ್ಕೆ ಹತ್ತಿರ ಇತ್ತು. ಟ್ರ್ಯಾಕಿನ ಮೇಲೆ ಬಿದ್ದ ಟೈರಿನ ರಬ್ಬರ್ ಚೂರುಗಳನ್ನೆಲ್ಲ ಅದು ಎಳೆದುಕೊಂಡು ಕಟ್ಟಿಕೊಂಡಿತ್ತು. ಜಗತ್ತಿನ ಅತಿ ಒಳ್ಳೆಯ ಎಂಜಿನಿಯರುಗಳು ಕಟ್ಟಿದ ಕಾರನ್ನು ರಬ್ಬರ್ ಕಸ ಸೋಲಿಸಿತು, ನನ್ನದನ್ನು ಈರುಳ್ಳಿ ಸಿಪ್ಪೆ.

ಸಿಪ್ಪೆ ತೆಗೆದು ಮತ್ತೆ ಏರು ಹತ್ತಿಸಿದೆವು. ಮುಳ್ಳು 0.55. ನಾನು ಮುಗಿಯಿತು ಅಂದುಕೊಂಡೆ. ಉಸ್ತಾದ್ ತಲೆ ಅಲ್ಲಾಡಿಸಿದರು. “ಒಂದು ಕಳ್ಳ ಸಿಕ್ಕ ಅಂತ ಇನ್ನೊಬ್ಬನ್ನ ಬಿಡಬಾರದ್ರಿ.”

ಮೂರನೆಯದು ಟರ್ಬೊ. ಆ ಹುಡುಗ ಮಾಡಿದ ಹಾಗೇ ಚಕ್ರ ಹಿಡಿದು ಅಲ್ಲಾಡಿಸಿ ನನಗೂ ತೋರಿಸಿದರು. ಅಡ್ಡಕ್ಕೆ ಕೂದಲೆಳೆಯಷ್ಟು ಅಲುಗುತ್ತದೆ, ಹಿಂದೆ ಮುಂದೆ ಎಳೆದರೆ ಅಲುಗುವುದಿಲ್ಲ, ಚಕ್ರದ ಅಂಚು ಎಲ್ಲೂ ಗೋಡೆಗೆ ತಾಗಿದ ಗೀರಿಲ್ಲ. “ಆಯಿಲ್ ಮ್ಯಾಲ ತೇಲೋ ಸರಳು ಅದ. ಇಷ್ಟು ಅಲುಗದಿದ್ರ ಆಯಿಲಿಗೆ ಜಾಗ ಎಲ್ಲದರೀ?” ಎಂಜಿನ್ ಬಂದ್ ಮಾಡಿಸಿ ಕಿವಿ ಇಟ್ಟು ಕೇಳಿದರು. ಚಕ್ರ ಕೆಲವು ಕ್ಷಣ ಸಣ್ಣಗೆ ಸುಂಯ್ ಎಂದು ತಿರುಗಿ ನಿಧಾನವಾಗಿ ನಿಂತಿತು. ಗಕ್ಕನೆ ನಿಂತಿದ್ದರೆ ಬೇರೆ ಮಾತು.

ಹೀಗೆ ಕಿವಿಕೊಟ್ಟು ಕೇಳುವುದು ನಮ್ಮ ರೈಲ್ವೆಯವರ ಹಳೆಯ ವಿದ್ಯೆ. ನಮ್ಮ ದೇಶದಲ್ಲಿ ಟರ್ಬೊ ಊರೂರಿಗೆ ಬಂದದ್ದು ಕಾರಿನಲ್ಲಲ್ಲ, ರೈಲಿನಲ್ಲಿ. 1962ರಲ್ಲಿ ಅಮೆರಿಕದ ಆಲ್ಕೊ ಕಂಪನಿಯ 2600 ಅಶ್ವಶಕ್ತಿಯ, ಹದಿನಾರು ಸಿಲಿಂಡರಿನ ಡೀಸೆಲ್ ಎಂಜಿನ್ನುಗಳು ಬಂದವು. 1964ರಿಂದ ವಾರಾಣಸಿಯ ಕಾರ್ಖಾನೆಯಲ್ಲಿ ಅವನ್ನು ಇಲ್ಲೇ ಕಟ್ಟತೊಡಗಿದರು. ಡಬ್ಲ್ಯುಡಿಎಂ-2 ಅಂತ ಹೆಸರು. ನಮ್ಮ ತಲೆಮಾರಿನವರು ಕಂಡ ಡೀಸೆಲ್ ರೈಲು ಬಹುಪಾಲು ಅದೇ. ನಿಲ್ದಾಣ ಬಿಡುವಾಗ ಒಂದು ದೊಡ್ಡ ಕರಿ ಮೋಡ ಬಿಟ್ಟು ಹೊರಡುತ್ತಿತ್ತಲ್ಲ, ನೆನಪಿದೆಯೇ? ಎಣ್ಣೆ ಮೊದಲು ಹೋಗಿ, ಟರ್ಬೊ ವೇಗ ಹಿಡಿದು ಗಾಳಿ ಕೊಡುವುದು ತಡವಾದಾಗ ಬರುವ ಹೊಗೆ ಅದು. ವೇಗ ಹಿಡಿದ ಮೇಲೆ ತಾನೇ ತಿಳಿಯಾಗುತ್ತಿತ್ತು. ತಿಳಿಯಾಗದಿದ್ದರೆ ಶೆಡ್ಡಿನವರು ಎದ್ದು ಕೂರುತ್ತಿದ್ದರು.

ನಾಸಿಕ್ ರೋಡ್ ಕಡೆಯಿಂದ ಮನಮಾಡಿಗೆ ಬಂದು ಔರಂಗಾಬಾದಿಗೆ ತಿರುಗುವ ಹಾದಿ ನನಗೆ ಅಂಗೈ ಗೆರೆಯಷ್ಟು ಪರಿಚಯ. 1900ರ ಸುಮಾರಿಗೆ ನಿಜಾಮರ ಕಾಲದಲ್ಲಿ ಹಾಕಿದ ಮೀಟರ್‌ಗೇಜ್ ಹಾದಿ, 1990ರ ದಶಕದಲ್ಲಿ ಬ್ರಾಡ್‌ಗೇಜ್ ಆಯಿತು. ಆಮೇಲೂ ವರ್ಷಗಳ ಕಾಲ ಮನಮಾಡ್ ದಾಟಿದರೆ ಡೀಸೆಲ್ ಎಂಜಿನ್ನಿನದೇ ರಾಜ್ಯ. ಆ ಎಂಜಿನ್ನುಗಳಲ್ಲಿ ಟರ್ಬೊದ ಒತ್ತಡ ತೋರಿಸುವ ಮೀಟರ್ ಇರುತ್ತಿತ್ತು. ಒತ್ತಡ ಇಳಿದರೆ ಶೆಡ್ಡಿನಲ್ಲಿ ಮೊದಲು ನೋಡುತ್ತಿದ್ದದ್ದು ಏರ್ ಫಿಲ್ಟರ್, ಆಮೇಲೆ ಗಾಳಿ ಕೊಳವೆಯ ಸೋರಿಕೆ. ಎಂಜಿನ್ ನಿಲ್ಲಿಸಿದ ಮೇಲೆ ಟರ್ಬೊ ಎಷ್ಟು ಹೊತ್ತು ತಿರುಗಿ ನಿಲ್ಲುತ್ತದೆ ಅಂತ ಗಡಿಯಾರ ಹಿಡಿದು ಎಣಿಸುವುದು ಇನ್ನೊಂದು ಪರೀಕ್ಷೆ. ಅಷ್ಟು ದೊಡ್ಡ ಚಕ್ರ ಒಂದು ನಿಮಿಷಕ್ಕೂ ಹೆಚ್ಚು ಹೊತ್ತು ತಿರುಗಬೇಕು, ಬೇಗ ನಿಂತರೆ ಬೇರಿಂಗ್ ಹಿಡಿಯುತ್ತಿದೆ ಅಂತ ಅರ್ಥ. ಬೆಂಗಳೂರಿನ ಕೃಷ್ಣರಾಜಪುರದ ಡೀಸೆಲ್ ಶೆಡ್ಡಿನಂಥ ಕಡೆ ಇಂಥ ಆಲ್ಕೊ ಎಂಜಿನ್ನುಗಳ ಮೇಲೆ ಒಂದು ತಲೆಮಾರೇ ಕೈ ಪಳಗಿಸಿಕೊಂಡಿತು. 1999ರಿಂದ ಬಂದ ಜನರಲ್ ಮೋಟರ್ಸ್ ಮಾದರಿಯ ಎಂಜಿನ್ನುಗಳಿಗೆ ನಮ್ಮ ಹುಬ್ಬಳ್ಳಿ ಶೆಡ್ ಹೆಸರುವಾಸಿ. ಅವುಗಳಲ್ಲಿ ಹೊಗೆಗೆ ಬಲ ಬರುವ ತನಕ ಎಂಜಿನ್ನೇ ಗೇರುಗಳ ಮೂಲಕ ಟರ್ಬೊ ತಿರುಗಿಸುತ್ತದೆ, ಬಲ ಬಂದ ಮೇಲೆ ಕ್ಲಚ್ ಬಿಟ್ಟುಕೊಡುತ್ತದೆ. ಆ ಕರಿ ಮೋಡಕ್ಕೆ ಕಂಡುಕೊಂಡ ಉತ್ತರ ಅದು.

ಉಸ್ತಾದರು ನಾಲ್ಕನೆಯದಾಗಿ ನೋಡಿದ್ದು ಹೊಗೆಯ ಬಣ್ಣ. ಕರಿ ಹೊಗೆ ಅಂದರೆ ಎಣ್ಣೆ ಇದೆ, ಗಾಳಿ ಸಾಲದು. ನೀಲಿ ಹೊಗೆ ಅಂದರೆ ಆಯಿಲ್ ಉರಿಯುತ್ತಿದೆ, ಆಗ ಟರ್ಬೊದ ಸೀಲಿನ ಮೇಲೂ ಅನುಮಾನ ಪಡಬೇಕು. ಹೊಗೆಯೇ ಇಲ್ಲದೆ ಬಲ ಇಲ್ಲ ಅಂದರೆ ಎಣ್ಣೆಯೇ ಬರುತ್ತಿಲ್ಲ. ಈ ಮೂರನೆಯದೇ ಜನರನ್ನು ಹೆಚ್ಚು ಮೋಸ ಮಾಡುವುದು. ಎಣ್ಣೆ ಕಮ್ಮಿಯಾದರೆ ಬಿಸಿ ಹೊಗೆ ಕಮ್ಮಿ, ಹೊಗೆ ಕಮ್ಮಿಯಾದರೆ ಟರ್ಬೊ ತಿರುಗುವುದು ಕಮ್ಮಿ, ಆಗ ಹವಾ ಕಮ್ಮಿ. ಕಟ್ಟಿಕೊಂಡ ಒಂದು ಡೀಸೆಲ್ ಫಿಲ್ಟರಿಗಾಗಿ ಒಳ್ಳೆಯ ಟರ್ಬೊವನ್ನೇ ಎಸೆದವರನ್ನು ತಾವು ಕಂಡಿದ್ದಾಗಿ ಹೇಳಿದರು.

ಇಲ್ಲಿ ನಮ್ಮ ಬೆಂಗಳೂರನ್ನು ನೆನೆಯಲೇಬೇಕು. ಜರ್ಮನಿಯ ಬಾಷ್ ಕಂಪನಿ 1927ರಲ್ಲಿ ಡೀಸೆಲ್ ಪಂಪುಗಳನ್ನು ದೊಡ್ಡ ಪ್ರಮಾಣದಲ್ಲಿ ಮಾಡತೊಡಗಿತು. ಅದರ ಜೊತೆಗಾರಿಕೆಯಲ್ಲಿ 1951ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ್ದು ಮೈಕೊ, ಅಂದರೆ ಮೋಟರ್ ಇಂಡಸ್ಟ್ರೀಸ್ ಕಂಪನಿ. ದೇಶದ ಯಾವ ಮೂಲೆಯ ಲಾರಿ ಗ್ಯಾರೇಜಿಗೆ ಹೋದರೂ ಪಂಪಿಗೆ ‘ಮೈಕೊ ಪಂಪು’ ಅನ್ನುವಷ್ಟು ಆ ಹೆಸರು ಬಳಕೆಯಾಯಿತು. ಇಂಜೆಕ್ಟರು, ನಾಜಲ್ಲು ಮಾಡಲು ಅದೇ ಕಂಪನಿ ನಮ್ಮ ನಾಸಿಕಿನ ಸಾತಪುರದಲ್ಲೂ ಕಾರ್ಖಾನೆ ತೆರೆಯಿತು. ಅದರ ಹಿಂದೆ ಬೆಂಗಳೂರಿನಿಂದ ಎಷ್ಟೋ ಕನ್ನಡದ ಮನೆಗಳು ನಾಸಿಕಿಗೆ ಬಂದವು. 2008ರಲ್ಲಿ ಮೈಕೊ ಹೆಸರು ಬಾಷ್ ಆಯಿತು, ಆದರೆ ಹಳೆಯ ಮಿಸ್ತ್ರಿಗಳ ಬಾಯಲ್ಲಿ ಇನ್ನೂ ಮೈಕೊ. (ನೋಡಿ, ಮತ್ತೆ ಅದೇ ಹಳೇ ಹೆಸರಿನ ಕಥೆ.)

ಟರ್ಬೊ ಬಂದ ಮೇಲೆ ಎಷ್ಟೋ ಲಾರಿ ಪಂಪುಗಳ ಮೇಲೆ ಒಂದು ಪುಟ್ಟ ಡಬ್ಬಿ ಬಂತು. ಒಳಗೆ ರಬ್ಬರ್ ಪರದೆ. ಟರ್ಬೊದ ಒತ್ತಡ ತೆಳು ನಳಿಕೆಯಲ್ಲಿ ಬಂದು ಆ ಪರದೆಯನ್ನು ಒತ್ತಿದರೆ ಮಾತ್ರ ಪಂಪು ಹೆಚ್ಚು ಎಣ್ಣೆ ಬಿಡುತ್ತದೆ. ಗಾಳಿ ಬರುವ ಮೊದಲೇ ಎಣ್ಣೆ ಸುರಿದು ಹೊಗೆ ಬರಬಾರದು ಅಂತ ಮಾಡಿದ ಉಪಾಯ. ಪರದೆ ಹರಿದರೆ ಅಥವಾ ಆ ನಳಿಕೆ ಬಿರುಕು ಬಿಟ್ಟರೆ ಲಾರಿ ಹೊಗೆಯಿಲ್ಲದೆ ಸುಮ್ಮನೆ ಸೊರಗುತ್ತದೆ. ನನ್ನ ಗಾಡಿಯ ಪಂಪಿಗೆ ಆ ಡಬ್ಬಿ ಇಲ್ಲ. ಹಾಗಾಗಿ ಕರಿ ಹೊಗೆ ಉಸ್ತಾದರಿಗೆ ನೇರವಾಗಿ ಒಂದು ದಿಕ್ಕು ತೋರಿಸಿತು: ಎಣ್ಣೆ ಸರಿ ಇದೆ, ಗಾಳಿಯನ್ನೇ ಹುಡುಕು.

ಟರ್ಬೊದ ಪಕ್ಕದಲ್ಲಿ ಒಂದು ಪುಟ್ಟ ಬಾಗಿಲು ಇರುತ್ತದೆ. ಒತ್ತಡ ಮಿತಿ ಮೀರಿದರೆ ಅದು ತೆರೆದು ಸ್ವಲ್ಪ ಹೊಗೆಯನ್ನು ಬದಿಯಿಂದ ಬಿಟ್ಟುಬಿಡುತ್ತದೆ. ಅದು ತೆರೆದೇ ಉಳಿದರೆ ಹವಾ ಏರುವುದೇ ಇಲ್ಲ. ಉಸ್ತಾದ್ ಸೈಕಲ್ ಪಂಪಿನಿಂದ ಗಾಳಿ ಹಾಕಿ ಅದರ ಕಡ್ಡಿ ಚಲಿಸಿ ಮತ್ತೆ ಜಾಗಕ್ಕೆ ಬರುವುದನ್ನು ನೋಡಿದರು. ಸರಿ ಇತ್ತು. ಎಂಜಿನ್ನಿನಿಂದ ಟರ್ಬೊಗೆ ಹೊಗೆ ಬರುವ ಜಾಗದ ಗ್ಯಾಸ್ಕೆಟ್ ಸುತ್ತ ಕರಿ ಮಸಿ ಇದೆಯೇ ನೋಡಿದರು. ಇರಲಿಲ್ಲ.

ಚಹಾ ಬಂತು. ಕುಡಿಯುತ್ತಾ ಅವರು ತಮ್ಮ ಅನುಭವದ ಚರಿತ್ರೆ ಹೇಳಿದರು. ಅವರು ಬಂದಾಗ ಇಲ್ಲಿ ಟರ್ಬೊ ಅಂದರೆ ದೊಡ್ಡ ಎಂಜಿನ್ನಿನ ಮಾತು. ಹೊರದೇಶದಲ್ಲಿ 1978ರಲ್ಲೇ ಮರ್ಸಿಡಿಸ್ ಟರ್ಬೊ ಡೀಸೆಲ್ ಕಾರು ಮಾರಿತ್ತು. ನಮ್ಮಲ್ಲಿ 1998ರ ಟಾಟಾ ಸಫಾರಿ ಟರ್ಬೊ ಡೀಸೆಲ್ಲನ್ನು ಮನೆಬಾಗಿಲಿಗೆ ತಂದ ಗಾಡಿಗಳಲ್ಲಿ ಒಂದು. ಆಮೇಲೆ ನಮ್ಮ ಎರಡು ಊರುಗಳ ಕಾಲ ಬಂತು. 2001ರಲ್ಲಿ ಔರಂಗಾಬಾದಿನ ಶೇಂದ್ರಾದಲ್ಲಿ ಸ್ಕೋಡಾ ಕಾರ್ಖಾನೆ ಶುರುವಾಗಿ ಆಕ್ಟೇವಿಯಾ ಹೊರಬಂತು. ಅದರ 1.9 ಲೀಟರಿನ ಟರ್ಬೊ ಡೀಸೆಲ್ ಎಂಜಿನ್ ಓಡಿಸಿದವರು ಡೀಸೆಲ್ ಕಾರು ಹೀಗೂ ಓಡುತ್ತದಾ ಅಂತ ಬೆರಗಾದರು. 2002ರಲ್ಲಿ ನಾಸಿಕಿನ ಮಹೀಂದ್ರಾ ಕಾರ್ಖಾನೆಯಿಂದ 2.6 ಲೀಟರ್ ಟರ್ಬೊ ಡೀಸೆಲ್ಲಿನ ಸ್ಕಾರ್ಪಿಯೊ ಬಂತು. ಒಂದೂವರೆ ವರ್ಷದೊಳಗೆ ನಾಸಿಕ್ ಮತ್ತು ಔರಂಗಾಬಾದಿನ ಗ್ಯಾರೇಜುಗಳ ಕೆಲಸವೇ ಬದಲಾಯಿತು. ನಲವತ್ತು ವರ್ಷ ರೈಲ್ವೆ ಶೆಡ್ಡಿನಲ್ಲಿ ಇದ್ದ ವಿದ್ಯೆಯನ್ನು ಬೀದಿಯ ಮಿಸ್ತ್ರಿಗಳು ಕಲಿಯಬೇಕಾಯಿತು. “ನಮಗ್ಯಾರೂ ಕಲಿಸಲಿಲ್ರಿ, ಕೆಡಿಸಿ ಕಲ್ತೀವಿ” ಅಂದರು ನಗುತ್ತಾ.

ಆಮೇಲೆ ಬಂದ ಗಾಡಿಗಳಲ್ಲಿ ಹೊಸ ಹೊಸ ಕಾರಣಗಳು ಸೇರಿಕೊಂಡವು. ಭಾರತ್ ಸ್ಟೇಜ್ ನಿಯಮಗಳು ಬಿಗಿಯಾದಂತೆ, ಸ್ವಲ್ಪ ಹೊಗೆಯನ್ನು ವಾಪಸ್ ಎಂಜಿನ್ನಿಗೇ ಕಳಿಸುವ ಇಜಿಆರ್ ವಾಲ್ವ್ ಬಂತು. ಅದು ಮಸಿ ಕಟ್ಟಿ ತೆರೆದೇ ನಿಂತರೆ ಟರ್ಬೊ ತಿರುಗಿಸಬೇಕಾದ ಹೊಗೆ ಅಡ್ಡದಾರಿ ಹಿಡಿಯುತ್ತದೆ. 2009ರ ಸುಮಾರಿಗೆ ಸ್ಕಾರ್ಪಿಯೊದಂಥ ಗಾಡಿಗಳಿಗೆ ರೆಕ್ಕೆ ತಿರುಗಿಸಿ ಹೊಗೆಯ ದಾರಿ ಚಿಕ್ಕದು ದೊಡ್ಡದು ಮಾಡುವ ಟರ್ಬೊ ಬಂತು. ಪೇಟೆಯಲ್ಲೇ ನಿಧಾನಕ್ಕೆ ಓಡಿಸಿದರೆ ಮಸಿ ಕೂತು ಆ ರೆಕ್ಕೆ ಹಿಡಿದುಕೊಳ್ಳುತ್ತದೆ. ಕಂಪ್ಯೂಟರ್ ಹಚ್ಚಿದರೆ ‘ಬೂಸ್ಟ್ ಕಮ್ಮಿ’ ಅಂತ ಒಂದು ಕೋಡ್ ತೋರಿಸುತ್ತದೆ. ಆದರೆ ಉಸ್ತಾದ್ ಹೇಳುವ ಹಾಗೆ, ಕೋಡ್ ಅನ್ನುವುದು ಜ್ವರ ಇದೆ ಅಂತ ಹೇಳುವ ಥರ್ಮಾಮೀಟರ್. ಮಲೇರಿಯಾವೋ ಟೈಫಾಯ್ಡೋ ಅಂತ ಅದು ಹೇಳುವುದಿಲ್ಲ.

ಚಹಾ ಮುಗಿಸಿ ಕೊನೆಯ ಪರೀಕ್ಷೆಗೆ ಎದ್ದರು. ಒಂದು ಪೌಡರ್ ಡಬ್ಬಿಯ ತಳಕ್ಕೆ ಟೈರ್ ಟ್ಯೂಬಿನ ವಾಲ್ವ್ ಕೂಡಿಸಿ ಮಾಡಿದ ಸಾಧನ ಅವರದು. ಟರ್ಬೊಗೆ ಗಾಳಿ ಬರುವ ಬಾಯಿಗೆ ಅದನ್ನು ಬಿಗಿದು, ಕಂಪ್ರೆಸರ್‌ನಿಂದ ಮುಕ್ಕಾಲು ಕೇಜಿಯಷ್ಟು ಮಾತ್ರ ಗಾಳಿ ಬಿಟ್ಟರು. ಹುಡುಗನೊಬ್ಬ ಪೈಪುಗಳ ಮೇಲೆಲ್ಲ ಸಾಬೂನು ನೀರು ಹಚ್ಚುತ್ತಾ ಬಂದ. ಟರ್ಬೊದಿಂದ ಇಂಟರ್‌ಕೂಲರಿಗೆ ಹೋಗುವ ಪೈಪು, ಏನಿಲ್ಲ. ಇಂಟರ್‌ಕೂಲರ್, ಏನಿಲ್ಲ. ಅಲ್ಲಿಂದ ಎಂಜಿನ್ನಿಗೆ ಬರುವ ದಪ್ಪ ರಬ್ಬರ್ ಹೋಸು, ಮೇಲಿನಿಂದ ಏನಿಲ್ಲ. ಉಸ್ತಾದ್ ಅದರ ಕೆಳಭಾಗಕ್ಕೆ ಬೆರಳಾಡಿಸಿದರು, ಬೆರಳಿಗೆ ಎಣ್ಣೆಯ ಜಿಡ್ಡು. “ಇಲ್ಲೇ ಅದ ನೋಡ್ರಿ.” ಸಾಬೂನು ಹಚ್ಚಿದ್ದೇ ತಡ, ಬುಳುಬುಳು ಗುಳ್ಳೆ! ಕ್ಲಾಂಪಿನ ಪಕ್ಕದಲ್ಲೇ ಎರಡು ಬೆರಳು ಉದ್ದದ ಸೀಳು. ಗಾಳಿ ಬಂದ್ ಮಾಡಿದರೆ ಸೀಳು ಮುಚ್ಚಿಕೊಂಡು ಹೋಸು ಹೊಸದರಂತೆ ಕಾಣುತ್ತದೆ. ಒತ್ತಡ ಬಂದಾಗ ಮಾತ್ರ ಬಾಯಿ ಬಿಡುತ್ತದೆ. ಅಂದರೆ ಘಾಟಿನಲ್ಲಿ, ಬಲ ಬೇಕಾದಾಗಲೇ ಅದು ಸೋರುತ್ತಿತ್ತು.

ಹೊಸ ಹೋಸು, ಎರಡು ಕ್ಲಾಂಪು ಹಾಕಿ ಮತ್ತೆ ಅದೇ ಏರು, ಅದೇ ಮೂರನೇ ಗೇರು. ಮುಳ್ಳು 0.85ಕ್ಕೆ ಹೋಗಿ ನಿಂತಿತು. ಬೆನ್ನಿಗೆ ಆ ನೂಕು ಸಿಕ್ಕಿತು ನೋಡಿ, ನಾನು ಸಣ್ಣ ಹುಡುಗನ ಹಾಗೆ ನಕ್ಕುಬಿಟ್ಟೆ. ಹಿಂದೆ ಕನ್ನಡಿಯಲ್ಲಿ ಹೊಗೆ ಇರಲಿಲ್ಲ. ಎಲ್ಲ ಸೇರಿ ಎರಡೂವರೆ ಸಾವಿರದೊಳಗೆ ಮುಗಿಯಿತು. ಇಡೀ ದಿನದ ಮಜೂರಿ ಅಂತ ಅವರು ತೆಗೆದುಕೊಂಡದ್ದು ಹೋಸಿನ ಬೆಲೆಗಿಂತ ಕಮ್ಮಿ. ನಾನು ಒತ್ತಾಯ ಮಾಡಿ ಕೊಟ್ಟ ಹೆಚ್ಚಿನ ದುಡ್ಡನ್ನು ಸಾಬೂನು ನೀರು ಹಚ್ಚಿದ ಹುಡುಗನ ಜೇಬಿಗೆ ಹಾಕಿದರು.

ಹೋದ ತಿಂಗಳು ಹೊಗೆ ಪರೀಕ್ಷೆ ಪಾಸಾಗಿ, ಗಾಡಿಗೆ ಇನ್ನೂ ಐದು ವರ್ಷ ಸಿಕ್ಕಿತು. ನನಗೆಷ್ಟು ಸಿಗುತ್ತದೋ ಅದು ಬೇರೆ ಲೆಕ್ಕ.

ನನ್ನನ್ನು ಕಾಡುತ್ತಿರುವುದು ಇನ್ನೊಂದು. ಹೊರಡುವಾಗ ಉಸ್ತಾದರನ್ನು ಕೇಳಿದೆ, ಈ ಕೆಲಸ ಯಾರಿಗೆ ಕಲಿಸುತ್ತಿದ್ದೀರಿ ಅಂತ. ಮಗ ಮೊಬೈಲ್ ಅಂಗಡಿ ಇಟ್ಟಿದ್ದಾನೆ. ಆ ಸಾಬೂನಿನ ಹುಡುಗ ವಾಳುಜ್ ಕಡೆ ಕಾರ್ಖಾನೆ ಸೇರುವ ಯೋಚನೆಯಲ್ಲಿದ್ದಾನೆ. 2020ರಿಂದ ಬಿಎಸ್-6 ಬಂತು, ಈಗ ಕರೆಂಟಿನ ಗಾಡಿಗಳು ಬರುತ್ತಿವೆ. ಹಳೆಯ ಡೀಸೆಲ್ ಹೋಗಬೇಕಾದ್ದೇ, ಅದರ ಹೊಗೆ ಕುಡಿದ ನಮಗೆ ಅದರ ಬಗ್ಗೆ ತಕರಾರಿಲ್ಲ. ಆದರೆ ಅಳೆಯದೆ ತೀರ್ಪು ಕೊಡಬಾರದು, ಅಗ್ಗದ್ದನ್ನು ಮೊದಲು ನೋಡಬೇಕು, ಒಂದು ತಪ್ಪು ಸಿಕ್ಕಿತು ಅಂತ ಹುಡುಕುವುದನ್ನು ನಿಲ್ಲಿಸಬಾರದು ಅನ್ನುವ ಈ ಕ್ರಮ ಡೀಸೆಲ್ಲಿಗೆ ಮಾತ್ರ ಸೇರಿದ್ದಲ್ಲವಲ್ಲ. ಅದು ಆ ಮುರುಕು ಕುರ್ಚಿಯ ಜೊತೆಗೇ ಗುಜರಿಗೆ ಹೋದರೆ ಎಂಬುದು ನನ್ನ ಚಿಂತೆ.

ನಿಮ್ಮ ಊರಲ್ಲೂ ಇಂಥ ಒಬ್ಬ ಉಸ್ತಾದ್ ಇದ್ದೇ ಇರುತ್ತಾರೆ. ಗಾಡಿ ಸರಿ ಇದ್ದರೂ ಒಂದು ದಿನ ಹೋಗಿ, ಚಹಾ ತರಿಸಿ, ಪಕ್ಕದಲ್ಲಿ ಕೂತು ನೋಡಿ ಬನ್ನಿ. ಗಾಡಿಯನ್ನು ಈರುಳ್ಳಿ ಗೋದಾಮಿನ ಪಕ್ಕ ಮಾತ್ರ ನಿಲ್ಲಿಸಬೇಡಿ.